ನೊರೆಯಕ್ಕನ ಹೊಲಿಗೆ

ಅವಳಿಗೆ ನೊರೆಯಕ್ಕ ಎಂದು ಮೊದಲು ಹೆಸರಿಟ್ಟವರು ಯಾರು ಎಂದು ಕೇಳಿದರೆ ನಮ್ಮ ಬೀದಿಯಲ್ಲಿ ಯಾರೂ ಸರಿಯಾಗಿ ಹೇಳಲಾರರು. ಮೂಲೆಯ ಕಟ್ಟಡದ ಮೆಟ್ಟಿಲಿನ ಕೆಳಗೆ ಅವಳ ಮನೆಯವರ ಶೂ, ಚಪ್ಪಲಿ ರಿಪೇರಿ ಅಂಗಡಿ. ಅದಕ್ಕೆ ಒತ್ತಿಕೊಂಡು ನನ್ನ ಬಟ್ಟೆ ಹೊಲಿಯುವ ಅಂಗಡಿ. ನಡುವೆ ಇರುವುದು ಬರೀ ಹಲಗೆಯ ಗೋಡೆ. ಆ ಕಡೆ ಸೀನಿದರೆ ಈ ಕಡೆಯಿಂದ "ಮಾತ್ರೆ ತಗೊಂಡ್ಯಾ?" ಎಂದು ಕೇಳಬಹುದು, ಅಷ್ಟು ತೆಳು. ಹಾಗಾಗಿ ಆ ಅಂಗಡಿಯ ವಿಷಯದಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು, ಸ್ವಲ್ಪ ಗೋಡೆಯಾಚೆಯಿಂದ ಕಿವಿಗೆ ಬಿದ್ದದ್ದು, ಉಳಿದದ್ದು ಅವಳೇ ಹೇಳಿಕೊಂಡದ್ದು.

ಅಂಗಡಿ ಅವಳ ಅಪ್ಪನದು. ಅಪ್ಪ ಮಗನಿಗೆ ಕೆಲಸ ಕಲಿಸಿದರು, ಮಗಳಿಗೆ ಕಲಿಸಲಿಲ್ಲ. ಹೆಣ್ಣುಮಗಳು, ನಾಳೆ ಇನ್ನೊಬ್ಬರ ಮನೆಗೆ ಹೋಗುವವಳು, ಅವಳ ಕೈಗೆ ಯಾಕೆ ದಬ್ಬಣ ಎಂದು ಅವರ ಲೆಕ್ಕ. ಆ ಹುಡುಗಿ ಶಾಲೆ ಬಿಟ್ಟ ಮೇಲೆ ಅಪ್ಪನಿಗೆ ಊಟದ ಡಬ್ಬಿ ತರುವಳು, ಡಬ್ಬಿ ಖಾಲಿಯಾಗುವ ತನಕ ಮೂಲೆಯಲ್ಲಿ ಕೂತು ನೋಡುವಳು. ನೋಡಬೇಡ ಎಂದು ಮಾತ್ರ ಅಪ್ಪ ಹೇಳಿರಲಿಲ್ಲ.

ಅಪ್ಪ ಹೋದ ಮೇಲೆ ಅಂಗಡಿ ಅಣ್ಣನ ಪಾಲಿಗೆ ಬಂತು. ಅಣ್ಣನಿಗೆ ಮದುವೆ ಕೂಡಿ ಬರಲಿಲ್ಲ. ತಂಗಿಗೆ ಕೂಡಿ ಬಂದದ್ದು ಉಳಿಯಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳು ಒಂದು ಚೀಲ ಹಿಡಿದುಕೊಂಡು ಬಂದವಳು, ಮನೆಗೂ ಹೋಗದೆ ನೇರ ಅಂಗಡಿಗೇ ಬಂದಳು. ಅಣ್ಣ ಯಾರದೋ ಶೂವಿನ ಹಿಮ್ಮಡಿಗೆ ಮೊಳೆ ಹೊಡೆಯುತ್ತಿದ್ದರು. ಬಾಯಿ ತುಂಬಾ ಮೊಳೆ. ಮಾತಾಡಲು ಆಗದೆ, ಪಕ್ಕದಲ್ಲಿದ್ದ ಮರದ ಪೆಟ್ಟಿಗೆಯ ಮೇಲಿನ ಚರ್ಮದ ತುಂಡುಗಳನ್ನು ಕೈಯಿಂದ ಸರಿಸಿ ಜಾಗ ತೋರಿಸಿದರು. ಅವಳು ಅಲ್ಲಿ ಕೂತಳು. ಅಂದಿನಿಂದ ಆ ಪೆಟ್ಟಿಗೆ ಅವಳದಾಯಿತು.

ಅಣ್ಣನ ಹೊಲಿಗೆಗೆ ಸುತ್ತ ನಾಲ್ಕು ಬೀದಿಗಳಲ್ಲಿ ಹೆಸರಿತ್ತು. ದಬ್ಬಣದಿಂದ ತೂತು ಮಾಡಿ, ಮೇಣ ಸವರಿದ ದಾರವನ್ನು ಎರಡೂ ಕಡೆಯಿಂದ ತೂರಿಸಿ, ಎರಡೂ ತೋಳು ಅಗಲಿಸಿ ಎಳೆದರೆಂದರೆ ಆ ಹೊಲಿಗೆ ಶೂ ಹರಿದರೂ ಹರಿಯುತ್ತಿರಲಿಲ್ಲ. ಬಾಯಿ ಮಾತ್ರ ಸ್ವಲ್ಪ ಖಾರ. ಯಾರಾದರೂ ಅಗ್ಗದ ಶೂ ತಂದರೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಬನ್ನಿನ ಹಾಗೆ ಮೆತ್ತಗಿದ್ಯಲ್ಲ, ಇದನ್ನ ಶೂ ಅಂಗಡೀಲಿ ಕೊಂಡ್ರಾ, ಇಲ್ಲಾ ಬೇಕರೀಲಾ?" ಎನ್ನುವರು. ತಂಗಿ ಪಾಲಿಶ್ ಹಾಕುವಳು, ಬಂದವರೊಂದಿಗೆ ಮಾತಾಡುವಳು, ಅಣ್ಣ ಕೆಡಿಸಿದ ಮನಸ್ಸುಗಳನ್ನು ರಿಪೇರಿ ಮಾಡಿ ಕಳಿಸುವಳು.

ಹೀಗಿರುವಾಗ ಒಂದು ಮಳೆಗಾಲದಲ್ಲಿ ಕಾಲೇಜು ಹುಡುಗಿಯೊಬ್ಬಳು ಬಿಳಿ ಸ್ನೀಕರ್ ಜೋಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದಳು. ಬಿಳಿ ಎಂದು ಅವಳೇ ಹೇಳಬೇಕಾಯಿತು, ಅಷ್ಟು ಕೆಸರು.

"ಏನು ಹರಿದಿದೆ?" ಎಂದರು ಅಣ್ಣ.

"ಹರಿದಿಲ್ಲ ಅಂಕಲ್. ತೊಳ್ದು ಕೊಡ್ತೀರಾ? ನಾನು ತೊಳೆದ್ರೆ ಇನ್ನೂ ಹಾಳಾಗತ್ತೆ."

"ತೊಳೆಯೋದಾ? ನಲ್ಲಿ ಇಲ್ವಾ ನಿಮ್ಮನೇಲಿ?"

ಹುಡುಗಿಯ ಮುಖ ಚಿಕ್ಕದಾಯಿತು. ತಂಗಿ ಕೈ ಚಾಚಿ ಚೀಲ ಇಸಿದುಕೊಂಡಳು. "ಇಟ್ಟು ಹೋಗಮ್ಮ. ನೋಡ್ತೀನಿ."

ಕಟ್ಟಡದ ಹಿಂದೆ ಒಂದು ನಲ್ಲಿ, ಅದರ ಸುತ್ತ ನಮ್ಮೆಲ್ಲರಿಗೂ ಸೇರಿದ ಸಣ್ಣ ಅಂಗಳ. ಅವಳು ಅಲ್ಲಿ ಕುಕ್ಕರಗಾಲಲ್ಲಿ ಕೂತು, ಮೊದಲು ಲೇಸು ಬಿಚ್ಚಿ ಮಗ್ಗಿನಲ್ಲಿ ನೆನೆಹಾಕಿದಳು. ಒಣಗಿದ ಕೆಸರನ್ನು ನೀರು ಮುಟ್ಟಿಸದೆ ಬ್ರಷ್ಷಿನಿಂದ ಉದುರಿಸಿದಳು. ಆಮೇಲೆ ಸೋಪಿನ ನೊರೆ ಎಬ್ಬಿಸಿ, ಬರೀ ನೊರೆಯಿಂದಲೇ ಬಟ್ಟೆಯ ಭಾಗ ಉಜ್ಜಿದಳು. ಹೊಲಿಗೆಯ ಸಂದಿಗೆ ಹಳೇ ಹಲ್ಲುಜ್ಜುವ ಬ್ರಷ್, ರಬ್ಬರ್ ಅಂಚಿಗೆ ಹಲ್ಲಿನ ಪೇಸ್ಟ್. ಒಳಗೆ ತುರುಕಲು ಪತ್ರಿಕೆ ತಗೊಂಡಿದ್ದಳು. ಶಾಯಿ ಹತ್ತಿಬಿಟ್ಟರೆ ಎಂದು ಹೆದರಿ, ನಾನು ಬಟ್ಟೆಯ ಅಳತೆ ಕತ್ತರಿಸುವ ಬಿಳಿ ಕಾಗದ ಕೇಳಿ ತಗೊಂಡು ಹೋದಳು.

ಅಣ್ಣ ಒಳಗಿಂದಲೇ ಕೂಗಿದರು. "ಸ್ನಾನ ಆಯ್ತಾ ಮಗೂಗೆ? ತಲೆ ಒರೆಸು, ಶೀತ ಆಗತ್ತೆ!"

ಮರುದಿನ ಆ ಹುಡುಗಿ ತನ್ನ ಶೂ ನೋಡಿ, "ಇದು ನಂದೇನಾ?" ಎಂದಳು. ಅವಳ ಹಿಂದೆ ಅವಳ ಗೆಳತಿಯರು ಬಂದರು, ಅವರ ಹಿಂದೆ ಆಟದ ಮೈದಾನದ ಹುಡುಗರು. ಅವರಲ್ಲೊಬ್ಬನ ಜೋಡಿಯನ್ನು ತಂಗಿ ಸೋಪು ಪೂರ್ತಿ ಹೋಗುವ ಮುಂಚೆ ಬಿಸಿಲಿಗಿಟ್ಟು ಹಳದಿ ಮಾಡಿದಳು. ಆ ಹುಡುಗನ ಮನೆಗೇ ಹೋಗಿ ತಪ್ಪೊಪ್ಪಿಕೊಂಡು, ಶೂ ವಾಪಸ್ ತಂದು, ಎರಡು ಸಲ ತೊಳೆದು ನೆರಳಲ್ಲಿ ಒಣಗಿಸಿ ಕೊಟ್ಟಳು. ಅಂಗಳದ ಉದ್ದಕ್ಕೂ ಹಗ್ಗ ಕಟ್ಟಿದಳು. ಕೈ ಸದಾ ನೊರೆಯಲ್ಲಿ. ಕೂದಲು ಸರಿಮಾಡಿಕೊಳ್ಳಲು ಹೋಗಿ ಹಣೆಯ ಮೇಲೂ ನೊರೆ. ಹೆಸರು ಬಂದದ್ದು ಆಗಲೇ ಇರಬೇಕು.

ಅಣ್ಣನಿಗೆ ಇದು ರುಚಿಸಲಿಲ್ಲ. ತಮಾಷೆ ಮಾಡುತ್ತಿದ್ದವರು ಒಂದು ದಿನ ತಮಾಷೆ ಬಿಟ್ಟು ಹೇಳಿದರು. "ಪುಟ್ಟೀ, ಹೊಲಿದ್ರೆ ಅದು ಕೆಲಸ. ತೊಳೆಯೋದು ಎಲ್ಲರ ಮನೇಲೂ ನಡೆಯತ್ತೆ. ಅಪ್ಪನ ಅಂಗಡೀನ ಬಚ್ಚಲು ಮಾಡ್ಬೇಡ."

ನಲವತ್ತು ದಾಟಿದ ಮೇಲೂ ಅಣ್ಣನ ಬಾಯಲ್ಲಿ ಅವಳು ಪುಟ್ಟಿಯೇ. ಆ ದಿನ ಅವಳು ನನ್ನ ಅಂಗಡಿಗೆ ಬಂದು, ಟೀ ಲೋಟ ಹಿಡಿದುಕೊಂಡು, ಆರಿ ತಣ್ಣಗಾಗುವ ತನಕ ಕುಡಿಯದೆ ಕೂತಿದ್ದಳು. "ಹೊಲಿಯೋಕೆ ಕಲಿಸಿದ್ರೆ ನಾನೂ ಹೊಲೀತಿದ್ನಲ್ಲ?" ಎಂದಳು. ಅಷ್ಟೇ.

ಅಣ್ಣನ ಬೆರಳುಗಳ ವಿಷಯ ನಮಗೆ ಗೊತ್ತಾದದ್ದು ಒಂದು ಬಿಳಿ ಶೂವಿನಿಂದ.

ತೊಳೆದು ಒಣಗಿಸಿದ ಜೋಡಿಯೊಂದನ್ನು ಅವಳು ಅಣ್ಣ ಕೂರುವ ಜಾಗದ ಹತ್ತಿರ ಇಟ್ಟಿದ್ದಳು. ಮಧ್ಯಾಹ್ನ ಎತ್ತಿಕೊಳ್ಳಲು ಹೋದರೆ ಮೂತಿಯ ಮೇಲೆ ಕೆಂಪು ಚುಕ್ಕೆಗಳು. ಮೊದಲು ಬಣ್ಣವೆಂದುಕೊಂಡಳು. ಆಮೇಲೆ ಅಣ್ಣನ ಕೈ ನೋಡಿದಳು. ಹೆಬ್ಬೆರಳಿಗೆ ದಬ್ಬಣ ಚುಚ್ಚಿಕೊಂಡು ರಕ್ತ ಮಣಿಕಟ್ಟಿನ ತನಕ ಇಳಿದಿದೆ. ಅವರು ಹಾಡು ಗುನುಗುತ್ತಾ ಹೊಲಿಯುತ್ತಲೇ ಇದ್ದಾರೆ.

"ಅಣ್ಣಾ! ಕೈ ನೋಡ್ಕೊ!"

ಅವರು ನೋಡಿಕೊಂಡರು. ಆ ಕೈ ಬೇರೆ ಯಾರದೋ, ಮರೆತು ಇಲ್ಲಿ ಬಿಟ್ಟು ಹೋಗಿದ್ದಾರೆ ಎನ್ನುವಂತೆ ತಿರುಗಿಸಿ ನೋಡಿದರು.

"ನೋವಾಗ್ಲಿಲ್ವಾ?"

"ಇಲ್ವಲ್ಲ..." ಎಂದರು. ಅವರ ದನಿಯಲ್ಲಿ ಖಾರವೇ ಇರಲಿಲ್ಲ. ಅವಳು ಹೆದರಿದ್ದು ರಕ್ತ ನೋಡಿ ಅಲ್ಲ, ಆ ದನಿ ಕೇಳಿ.

ಡಾಕ್ಟರ್ ವಯಸ್ಸಾದವರು, ನಿಧಾನದವರು. ಅಣ್ಣನ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಬೆರಳು, ಅಂಗೈ, ಪಾದಗಳನ್ನು ಮುಟ್ಟುತ್ತಾ ಹೋದರು. "ಮುಟ್ಟಿದಾಗ ಹೂಂ ಅನ್ನಿ" ಎಂದರು. ತಂಗಿ ಎದುರಿಗೇ ನಿಂತಿದ್ದಳು. ಹತ್ತಿ ಒಂದೊಂದೇ ಬೆರಳು ಮುಟ್ಟುತ್ತಿದೆ, ಅಣ್ಣ ಕಣ್ಣು ಮುಚ್ಚಿಕೊಂಡು ಇನ್ನೂ ಶುರುವಾಗಿಲ್ಲವೆಂದು ಕಾಯುತ್ತಿದ್ದಾರೆ. ಹತ್ತಿ ಮೊಣಕೈ ಹತ್ತಿರ ಬಂದಾಗ "ಹೂಂ" ಎಂದರು, ಒಳ್ಳೆಯ ವಿದ್ಯಾರ್ಥಿಯ ಹಾಗೆ.

ಡಾಕ್ಟರ್ ಕೆಲಸದ ಬಗ್ಗೆ ಕೇಳಿದರು. ಅಂಟು ಬಳಸುತ್ತೀರಾ, ಚಳಿಗಾಲದಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತೀರಾ, ವಾಸನೆಗೆ ತಲೆ ಸುತ್ತುತ್ತಿತ್ತಾ ಎಂದು ಕೇಳಿದರು. ಎಲ್ಲಕ್ಕೂ ಹೌದು ಎನ್ನುವ ಉತ್ತರವೇ. ಸೋಲ್ ಅಂಟಿಸುವ ಸಲ್ಯೂಷನ್ ಡಬ್ಬಿ ಅವರ ಮೊಣಕಾಲ ಹತ್ತಿರವೇ ಇರುತ್ತಿತ್ತು, ಮುಚ್ಚಳ ತೆಗೆದೇ ಇರುತ್ತಿತ್ತು. ಅಪ್ಪನ ಕಾಲದಿಂದ ಅದೇ ವಾಸನೆ. ಮನೆಯ ವಾಸನೆಯ ಹಾಗೆ ಅದು ಮೂಗಿಗೆ ಗೊತ್ತೇ ಆಗುತ್ತಿರಲಿಲ್ಲ.

"ನರಗಳು ಸೊರಗಿವೆ. ಆ ಅಂಟು ಬಿಡಬೇಕು" ಎಂದರು ಡಾಕ್ಟರ್. "ಬಿಟ್ರೆ ಇಷ್ಟಕ್ಕೇ ನಿಲ್ಲಬಹುದು. ಖಂಡಿತ ಅಂತ ಹೇಳಲಾರೆ. ತಡವಾಗಿ ಬಂದಿದ್ದೀರಿ."

"ಅಂಟು ಬಿಟ್ರೆ ಈಗಿನ ಶೂಗಳಲ್ಲಿ ಏನು ಉಳಿಯತ್ತೆ ಡಾಕ್ಟ್ರೇ? ಎಲ್ಲಾ ಅಂಟಲ್ಲೇ ನಿಂತಿರೋದು."

"ನೀವು ಉಳೀಬೇಕಲ್ಲ" ಎಂದರು ಡಾಕ್ಟರ್.

ಅಂಗಡಿಗೆ ಬಂದ ಕೂಡಲೇ ತಂಗಿ ಸಲ್ಯೂಷನ್ ಡಬ್ಬಿಗಳನ್ನು ಒಂದೂ ಬಿಡದೆ ಎತ್ತಿ ಹೊರಗಿಟ್ಟಳು. ಅಂದಿನಿಂದ ಅಂಟಿಸುವ ಕೆಲಸ ಬಂದರೆ ಆಚೆ ಬೀದಿಯವನ ಅಂಗಡಿ ತೋರಿಸಿ ಕಳಿಸುವುದು. ಇಲ್ಲಿ ಹೊಲಿಗೆ ಮತ್ತು ತೊಳೆಯುವುದು, ಎರಡೇ. ಬೋರ್ಡ್ ಬರೆಯುವವನು ಬಂದು ಹಳೇ ಬೋರ್ಡಿನ ಕೆಳಗೆ "ಇಲ್ಲಿ ಸ್ನೀಕರ್ ತೊಳೆದು ಕೊಡಲಾಗುವುದು" ಎಂದು ನೀಲಿ ಅಕ್ಷರದಲ್ಲಿ ಬರೆದ. ಅಣ್ಣ ರಸ್ತೆಯ ಆ ಬದಿ ನಿಂತು ನೋಡಿದರು. ಒಪ್ಪಿಗೆಯೂ ಇಲ್ಲ, ಬೇಡವೆಂದೂ ಇಲ್ಲ. "ಅಕ್ಷರ ವಾರೆಯಾಗಿದೆ" ಎಂದು ಮಾತ್ರ ಹೇಳಿದರು.

ಅದೇನೂ ವಾರೆಯಾಗಿರಲಿಲ್ಲ.

ಮುಂದಿನ ವರ್ಷದ ಮಳೆಗಾಲದ ಹೊತ್ತಿಗೆ ತೊಳೆಯುವ ಕೆಲಸ ಹೆಚ್ಚಿತು, ಹೊಲಿಗೆಯ ಕೆಲಸ ಕಡಿಮೆಯಾಯಿತು. ಆದರೂ ಅಣ್ಣ ದಿನವೂ ಬೆಳಿಗ್ಗೆ ಬಂದು, ಮೊದಲಿನ ಹಾಗೇ ದಾರಕ್ಕೆ ಮೇಣ ಸವರಿ, ಚರ್ಮದ ಹಳೇ ಶೂಗಳನ್ನು ಮಡಿಲಿಗೆ ಎತ್ತಿಕೊಳ್ಳುತ್ತಿದ್ದರು. ಬೆರಳು ಕೆಲಸ ಮಾಡುತ್ತಿದ್ದವು, ಅದರಲ್ಲಿ ಸುಳ್ಳಿಲ್ಲ. ಎಷ್ಟು ಎಳೆದೆ ಎನ್ನುವುದು ಮಾತ್ರ ಅವುಗಳಿಗೆ ತಿಳಿಯುತ್ತಿರಲಿಲ್ಲ. ಹೊಲಿಗೆ ನೋಡಲು ಸಾಲಾಗಿ ಕಾಣುತ್ತಿತ್ತು, ಉಗುರಿನಿಂದ ಎತ್ತಿದರೆ ಏಳುತ್ತಿತ್ತು.

ಬಸ್ ಕಂಡಕ್ಟರ್ ಒಬ್ಬರು ಈ ಅಣ್ಣತಂಗಿಯ ಅಪ್ಪನ ಕಾಲದಿಂದ ಬರುವ ಗಿರಾಕಿ. ದಿನವಿಡೀ ನಿಂತು ಸವೆಯುವ ಶೂ ಅವರದು. ಹೊಲಿಸಿಕೊಂಡು ಹೋದವರು ವಾರ ಕಳೆಯುವುದರೊಳಗೆ ಮತ್ತೆ ಬಂದರು. ಶೂವಿನ ಮೂತಿ ಕಪ್ಪೆಯ ಬಾಯಿಯ ಹಾಗೆ ತೆರೆದಿತ್ತು.

"ನನ್ನ ಕಾಲೇ ಸರಿ ಇಲ್ಲ ಬಿಡಿ" ಎಂದರು ಕಂಡಕ್ಟರ್, ನಗುತ್ತಾ. "ಮೆಟ್ಟಿಲಿಗೆ ಎಡವಿದೆ ಅನ್ಸತ್ತೆ."

ಅಣ್ಣ ಶೂ ಇಸಿದುಕೊಂಡು ದಾರ ಮುಟ್ಟಿ ನೋಡಿದರು, ಮುಟ್ಟಿದ್ದು ತಿಳಿಯದೆ ಕಣ್ಣ ಹತ್ತಿರ ತಂದು ನೋಡಿದರು. ಎಡವಿದ್ದಲ್ಲ ಎಂದು ಅವರಿಗೆ ಗೊತ್ತಾಯಿತು, ಅವರಿಗೆ ಗೊತ್ತಾಯಿತೆಂದು ಕಂಡಕ್ಟರಿಗೂ ಗೊತ್ತಾಯಿತು. "ಈ ಸಲ ಸರಿಯಾಗಿ ಮಾಡ್ತೀನಿ" ಎಂದ ಅಣ್ಣನ ಮುಖವನ್ನು ತಂಗಿ ಬಕೆಟ್ ಹಿಡಿದು ಹಿಂಬಾಗಿಲಲ್ಲಿ ನಿಂತು ನೋಡಿದಳು.

ಆ ದಿನವೇ ಶುರುವಾಯಿತು. ಮಧ್ಯಾಹ್ನ ಊಟವಾದ ಮೇಲೆ ಅಣ್ಣ, "ಸ್ವಲ್ಪ ಮನೇಲಿ ಮಲಗಿ ಬರ್ತೀನಿ" ಎಂದು ಹೋದರು. ಮೊದಲೆಲ್ಲ ಹಾಗೆ ಹೋದವರಲ್ಲ. ಅವರು ತಿರುವು ದಾಟಿದ್ದು ನೋಡಿಕೊಂಡು ಇವಳು ಅರ್ಧ ಬಾಗಿಲು ಎಳೆದಳು. ಆ ಕಡೆಯಿಂದ ನನಗೆ ದಾರ ಎಳೆಯುವ ಸದ್ದು ಕೇಳಿಸಿತು. ಚರ್ಮದ ತೂತಿನಲ್ಲಿ ಮೇಣದ ದಾರ ಹಾಯುವ ಆ ಸದ್ದನ್ನು ವರ್ಷಗಟ್ಟಲೆ ಕೇಳಿದವಳು ನಾನು. ಇದು ಬೇರೆಯಾಗಿತ್ತು. ಹೋಗಿ ಇಣುಕಿದೆ.

ಅವಳು ಅಣ್ಣ ಬೆಳಿಗ್ಗೆ ಹೊಲಿದದ್ದನ್ನು ಬಿಚ್ಚಿ, ಅದೇ ತೂತುಗಳಲ್ಲಿ, ಅದೇ ಬಣ್ಣದ ದಾರದಲ್ಲಿ ಮತ್ತೆ ಹೊಲಿಯುತ್ತಿದ್ದಳು. ದಾರ ಹರಿತವಾಗಿ ಕೂತು ಬೆರಳ ಸಂದಿ ಸೀಳಿತ್ತು. ಸೋಪಿನ ನೀರಿನಲ್ಲಿ ನೆನೆದು ಮೆತ್ತಗಾದ ಕೈ ಅದು.

"ಯಾರು ಕಲಿಸಿದ್ರು?" ಎಂದೆ.

"ಯಾರೂ ಇಲ್ಲ. ನೋಡಿದ್ದೆ" ಎಂದಳು. ಆಮೇಲೆ ತಲೆ ಎತ್ತಿ, "ಅಣ್ಣನಿಗೆ ಹೇಳ್ಬೇಡ ಕಣೇ" ಎಂದಳು.

ನಾನ್ಯಾಕೆ ಹೇಳಲಿ? ಆ ಮಳೆಗಾಲ ಪೂರ್ತಿ ಹಾಗೇ ನಡೆಯಿತು. ಬೆಳಿಗ್ಗೆ ಅಣ್ಣ ಹೊಲಿಯುವುದು, ಮಧ್ಯಾಹ್ನ ತಂಗಿ ಬಿಚ್ಚಿ ಹೊಲಿಯುವುದು, ಸಂಜೆ ಗಿರಾಕಿ ಬಂದು ಅಣ್ಣನನ್ನು ಹೊಗಳಿ ಹೋಗುವುದು. ಹೊಗಳಿದಾಗ ಅಣ್ಣ ತಲೆ ತಗ್ಗಿಸಿ ಏನಾದರೂ ಹುಡುಕುವವರ ಹಾಗೆ ಮಾಡುತ್ತಿದ್ದರು. ಖಾರದ ಮಾತು ನಿಂತುಹೋಗಿತ್ತು. ವಯಸ್ಸಾಗುತ್ತಿದೆ, ಮೆತ್ತಗಾಗುತ್ತಿದ್ದಾರೆ ಎಂದುಕೊಂಡೆವು ನಾವು.

ಒಂದು ಮಧ್ಯಾಹ್ನ ಕಂಡಕ್ಟರ್ ಬಂದರು, ಮಗಳ ಸ್ನೀಕರ್ ತಗೊಂಡು ಹೋಗಲು. ಅವಳು ಮಡಿಲಲ್ಲಿದ್ದ ಶೂವಿನ ಮೇಲೆ ಬಟ್ಟೆ ಎಳೆದುಕೊಂಡು ಎದ್ದಳು.

"ನಿಮ್ಮಣ್ಣ ಯಾರಿಗಮ್ಮ ಕಾಯೋದು?" ಎಂದರು ಕಂಡಕ್ಟರ್.

"ಎಲ್ಲಿ?"

"ಬಸ್ ನಿಲ್ದಾಣದಲ್ಲಿ. ದಿನಾ ಇದೇ ಹೊತ್ತಿಗೆ ಆ ಕೊನೇ ಬೆಂಚಲ್ಲಿ ಕೂತಿರ್ತಾರೆ. ಬಸ್ ಹತ್ತಲ್ಲ, ಯಾರೂ ಬಂದು ಇಳಿಯಲ್ಲ. ಊರಿಂದ ಯಾರಾದ್ರೂ ಬರೋರಿದಾರಾ?"

ಅವಳು ಅವರ ಕೈಗೆ ಶೂ ಕೊಟ್ಟು, ನನ್ನ ಬಾಗಿಲಿಗೆ ಬಂದು, "ಅಂಗಡಿ ನೋಡ್ಕೊ" ಎಂದವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಲೇ ಹೋದಳು.

ಅಲ್ಲಿ ನಡೆದದ್ದನ್ನು ಅವಳು ನನಗೆ ಹೇಳಿದ್ದು ಬಹಳ ಕಾಲದ ಮೇಲೆ. ಅಣ್ಣ ಕೊನೆಯ ಬೆಂಚಿನಲ್ಲಿ, ಮೊಣಕಾಲ ಮೇಲೆ ಎರಡೂ ಅಂಗೈ ಮೇಲು ಮಾಡಿ ಇಟ್ಟುಕೊಂಡು ಕೂತಿದ್ದರಂತೆ. ತಗಡಿನ ಸೂರು, ಕೆಳಗೆ ಸೆಕೆ. ಅವಳನ್ನು ಕಂಡು ಬೆಚ್ಚಲಿಲ್ಲ. ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಮನೆಗೆ ಹೋಗ್ಲಿಲ್ವಾ ಅಣ್ಣಾ?"

"ಹೋಗಿ ಏನು ಮಾಡ್ಲಿ? ಹಗಲು ನಿದ್ದೆ ಬರಲ್ಲ ನಂಗೆ."

"ಮತ್ತೆ ಅಂಗಡೀಲೇ ಇರಬಹುದಿತ್ತಲ್ಲ?"

"ನಾನು ಅಲ್ಲೇ ಇದ್ರೆ ನೀನು ಹೇಗೆ ಹೊಲೀತಿದ್ದೆ ಪುಟ್ಟಿ?"

ಒಂದು ಬಸ್ ಬಂದು ಮುಂದೆ ನಿಂತಿತು. ಇವರಿಬ್ಬರೂ ಹತ್ತುವವರೆಂದು ಡ್ರೈವರ್ ಕಾದು, ಹಾರನ್ ಹೊಡೆದು, ಬೈದುಕೊಂಡು ಹೋದ.

"ಯಾವಾಗ ಗೊತ್ತಾಯ್ತು?" ಎಂದಳು.

"ಮೊದಲನೇ ದಿನಾನೇ. ಕೈಗೆ ತಿಳಿಯಲ್ಲ, ಕಣ್ಣಿಗೆ ತಿಳಿಯತ್ತಲ್ಲ. ನೀನು ಗಂಟು ಹಾಕೋ ಮುಂಚೆ ಒಂದ್ಸಲ ಜಾಸ್ತಿ ಎಳೀತೀಯ. ಅಪ್ಪ ಹಾಗೇ ಎಳೀತಿದ್ರು. ನಾನು ಎಷ್ಟು ಹೇಳಿಸ್ಕೊಂಡ್ರೂ ಅದನ್ನ ಕಲೀಲಿಲ್ಲ."

"ಕೋಪ ಬಂತಾ?"

ಅಣ್ಣ ತಮ್ಮ ಅಂಗೈಗಳನ್ನು ಮಗುಚಿ ಇಟ್ಟುಕೊಂಡರು. "ಮೊದ್ಲು ಬಂತು" ಎಂದರು. "ಆಮೇಲೆ ಇಲ್ಲಿ ಕೂತು ಕೂತು ಹೋಯ್ತು. ಅಪ್ಪ ನಿನಗೂ ಕಲಿಸ್ಬೇಕಿತ್ತು. ಅವರು ಹೋದ ಮೇಲೆ ನಾನಾದ್ರೂ ಕಲಿಸ್ಬಹುದಿತ್ತು. ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ವಾಪಸ್ ನಡೆದು ಬರುವಾಗಲೇ ಅವಳು ಗಮನಿಸಿದ್ದು: ಅಣ್ಣ ಹೆಜ್ಜೆಯನ್ನು ನೆಲ ನೋಡಿ ಇಡುತ್ತಿದ್ದಾರೆ. ನೆಲ ಎಲ್ಲಿದೆ ಎಂದು ಕಾಲಿಗೂ ತಿಳಿಯುತ್ತಿಲ್ಲ. ಅವಳು ತನ್ನ ನಡಿಗೆ ನಿಧಾನ ಮಾಡಿದಳು, ಅಂಗಡಿಗಳನ್ನು ನೋಡುವವಳ ಹಾಗೆ.

ಮರುದಿನದಿಂದ ಜಾಗ ಅದಲುಬದಲಾಯಿತು. ಅಣ್ಣ ಪೆಟ್ಟಿಗೆಯ ಮೇಲೆ, ಬಕೆಟ್ ಎದುರಿಗೆ. ತಂಗಿ, ಅಣ್ಣ ಇಷ್ಟು ದಿನ ಕೂರುತ್ತಿದ್ದ ಅಪ್ಪನ ಮಣೆಯ ಮೇಲೆ, ದಬ್ಬಣ ಹಿಡಿದು. ನೋಡಿದವರು ಬೆಕ್ಕಸ ಬೆರಗಾದರು. "ಏನಣ್ಣಾ, ಬಡ್ತಿನಾ?" ಎಂದು ಟೀ ಅಂಗಡಿಯವನು ಕಿಚಾಯಿಸಿದರೆ ಅಣ್ಣ, "ಹೂಂ, ಸ್ನಾನದ ಖಾತೆ ನಂದೇ ಈಗ" ಎಂದರು. ಅದು ಅವರ ಹಳೆಯ ದನಿ. ಹಲಗೆಯ ಈ ಕಡೆ ನನಗೆ ನಗು ಬಂತು.

ನೊರೆ ಉಜ್ಜುವುದರಲ್ಲಿ ಅವರು ಚೆನ್ನಾಗಿಯೇ ಪಳಗಿದರು. ತಂಗಿ ಹೊಲಿಯುತ್ತಾ, "ಇಲ್ಲಿ ತೂತು ಎಷ್ಟು ದೂರ ಬಿಡ್ಲಿ?" ಎಂದು ಕೇಳುವಳು. ಅವರು ಉಜ್ಜುತ್ತಾ ಹೇಳುವರು. ಆ ಕೆಲವು ತಿಂಗಳು ಆ ಅಂಗಡಿಯಲ್ಲಿ ಇದ್ದಷ್ಟು ಮಾತು ಅದಕ್ಕೆ ಮುಂಚೆ ಎಂದೂ ಇರಲಿಲ್ಲ.

ಚಳಿ ಶುರುವಾದಾಗ ಅವಳು ಬಿಸಿನೀರು ಕಾಯಿಸಿ ಕೊಟ್ಟಳು. ತಣ್ಣೀರು ಬೆರೆಸುವ ಮುಂಚೆ ಯಾರೋ ಗಿರಾಕಿ ಕರೆದರೆಂದು ಎದ್ದು ಹೋದಳು. ಬರುವಷ್ಟರಲ್ಲಿ ಅಣ್ಣ ಎರಡೂ ಕೈ ಬಕೆಟ್ಟಿನೊಳಗೆ ಇಳಿಸಿ, ಲೇಸು ಹಿಂಡುತ್ತಾ ಕೂತಿದ್ದಾರೆ. ಹಬೆ ಮುಖಕ್ಕೆ ಹೊಡೆಯುತ್ತಿದೆ. ಅವಳ ಕಿರುಚಾಟಕ್ಕೆ ನಾನು ಓಡಿಹೋದೆ. ಆ ಕೈಗಳನ್ನು ನಾನು ವರ್ಣಿಸಲಾರೆ. ಗುಣವಾಗಲು ಬಹಳ ಕಾಲ ಹಿಡಿಯಿತು. ಆಮೇಲೆ ಬಕೆಟ್ಟು ಅವರ ಮುಂದೆ ಇಡುವ ಮೊದಲು ಅವಳು ಮೊಣಕೈ ಅದ್ದಿ ನೋಡುವಳು, ಮಗುವಿಗೆ ಸ್ನಾನ ಮಾಡಿಸುವ ತಾಯಂದಿರು ನೋಡುವ ಹಾಗೆ. ಅಣ್ಣ ಆ ಹೊತ್ತಿಗೆ ಬೇರೆ ಕಡೆ ತಿರುಗುತ್ತಿದ್ದರು.

ಇಷ್ಟಕ್ಕೇ ನಿಲ್ಲಬಹುದು ಎಂದಿದ್ದರು ಡಾಕ್ಟರ್. ನಿಲ್ಲಲಿಲ್ಲ. ಬೇಸಿಗೆ ಬರುವಷ್ಟರಲ್ಲಿ ಅಂಗಡಿಯ ತನಕ ನಡೆಯುವುದು ಕಷ್ಟವಾಯಿತು. ಅವರು ಮನೆಯಲ್ಲೇ ಉಳಿದರು. ತೊಳೆದ ಲೇಸುಗಳನ್ನೂ ಒಣಗಿದ ಶೂಗಳನ್ನೂ ಅವಳು ಬುಟ್ಟಿಯಲ್ಲಿ ಮನೆಗೆ ಒಯ್ಯುವಳು. ಅವರು ಕಿಟಕಿಯ ಬಳಿ ಕೂತು ಕಣ್ಣಿನಿಂದಲೇ ಬೆರಳಿಗೆ ದಾರಿ ತೋರಿಸುತ್ತಾ ಲೇಸು ಪೋಣಿಸುವರು. ಒಂದು ಜೋಡಿಗೆ ಒಂದು ಇಳಿಹಗಲು ಬೇಕಾಗುತ್ತಿತ್ತು. ಅವಳೇ ಪೋಣಿಸಿದ್ದರೆ ಟೀ ಆರುವ ಮುಂಚೆ ಮುಗಿಯುತ್ತಿತ್ತು. "ನಂಗೆ ಪುರುಸೊತ್ತಿಲ್ಲ ಅಣ್ಣಾ, ನೀನೇ ಮಾಡ್ಬೇಕು" ಎನ್ನುತ್ತಿದ್ದಳು.

ಮನೆಯ ಮುಂದಿನ ಮೆಟ್ಟಿಲಲ್ಲಿ ಅವರು ಬಿದ್ದದ್ದು ಒಂದು ಬೆಳಿಗ್ಗೆ. ಕಾಲಿಗೆ ಮೆಟ್ಟಿಲು ಮುಗಿದದ್ದು ತಿಳಿದಿರಲಿಲ್ಲ. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಮಲಗಿದವರಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿತು. ಅವಳು ಅಂಗಡಿ ಮುಚ್ಚಿ ಅಲ್ಲೇ ಕೂತಳು. ಬೀಗದ ಕೈ ನನ್ನ ಹತ್ತಿರ ಇತ್ತು. ಯಾರಾದರೂ ಶೂ ಕೇಳಿಕೊಂಡು ಬಂದರೆ ತೆಗೆದು ಕೊಡುತ್ತಿದ್ದೆ.

ಊಟ ತಗೊಂಡು ಹೋದ ಒಂದು ಸಂಜೆ ನಾನೂ ಅಲ್ಲಿದ್ದೆ. ಅಣ್ಣ ಕಣ್ಣು ಮುಚ್ಚಿಕೊಂಡೇ, "ಪುಟ್ಟೀ, ಕಾಲು ಒತ್ತೇ ಸ್ವಲ್ಪ" ಎಂದರು. ಅವಳು ಹಾಸಿಗೆಯ ಕೊನೆಗೆ ಕೂತು, ಹೊದಿಕೆ ಸರಿಸಿ, ಎರಡೂ ಪಾದಗಳನ್ನು ಒತ್ತತೊಡಗಿದಳು. ಹೊಲಿದು ಹೊಲಿದು ಗಟ್ಟಿಯಾದ ಕೈ, ಹೆಬ್ಬೆರಳು ಊರಿ ಒತ್ತುತ್ತಿದ್ದಳು. ಸ್ವಲ್ಪ ಹೊತ್ತಾಯಿತು.

"ಒತ್ತು ಅಂದ್ನಲ್ಲ" ಎಂದರು ಅಣ್ಣ.

ಅವಳ ಕೈ ನಿಂತಿತು. ನನ್ನ ಕಡೆ ನೋಡಿದಳು. ಒತ್ತುತ್ತಲೇ ಇದ್ದೀನಿ ಎಂದು ಅವಳು ಹೇಳಲಿಲ್ಲ. "ಬಂದೆ ಅಣ್ಣಾ, ಈ ಲೋಟ ಇಟ್ಟು ಬಂದೆ" ಎಂದಳು. ಕೈಯಲ್ಲಿ ಯಾವ ಲೋಟವೂ ಇರಲಿಲ್ಲ. ಮುಂದಕ್ಕೆ ಸರಿದು, ಮೊಣಕಾಲಿನ ಮೇಲೆ, ತೊಡೆಯ ಹತ್ತಿರ ಒತ್ತಿದಳು.

"ಹಾಂ. ಈಗ ಸರಿ" ಎಂದರು ಅವರು. ಮುಖ ಸಡಿಲವಾಯಿತು, ನಿದ್ದೆ ಹತ್ತಿತು. ಅವಳು ಒತ್ತುತ್ತಲೇ ಇದ್ದಳು.

ಆ ಜ್ವರ ಇಳಿಯಲಿಲ್ಲ. ಆ ವಾರದಲ್ಲೇ ಅವರು ಹೋದರು.

ಅವಳು ಕೆಲವು ದಿನ ಮನೆಯಿಂದ ಹೊರಗೆ ಬರಲಿಲ್ಲ. ಬಂದವಳು ಅಂಗಡಿಯ ಬಾಗಿಲು ತೆಗೆದು, ಪೆಟ್ಟಿಗೆ ಮತ್ತು ಮಣೆ ಎರಡನ್ನೂ ನೋಡಿ, ಎಲ್ಲಿ ಕೂರುವುದೆಂದು ತಿಳಿಯದೆ ನಿಂತಿದ್ದಳು. ನಾನು ಟೀ ಹಿಡಿದುಕೊಂಡು ಹೋದೆ. ನಿಂತೇ ಕುಡಿದಳು.

ಜನ ಸಲಹೆ ಕೊಡಲು ಮುಂದಾದರು. ಹೊಲಿಗೆ ಬಿಟ್ಟುಬಿಡು, ಯಾರು ಹೊಲಿಸುತ್ತಾರೆ ಈಗ, ತೊಳೆಯುವ ಕೆಲಸವೇ ಸಾಕಷ್ಟಿದೆ, ಒಂದು ಯಂತ್ರ ತಂದಿಟ್ಟುಕೋ ಎಂದರು. ಅವರ ಮಾತು ಸುಳ್ಳಲ್ಲ. ಹಗ್ಗದ ತುಂಬಾ ಬಿಳಿ, ನೀಲಿ, ಗುಲಾಬಿ ಸ್ನೀಕರ್‌ಗಳೇ. ಅವಳು ಎಲ್ಲರಿಗೂ ಹೂಂ ಹೂಂ ಎಂದಳು. ಬೆಳಿಗ್ಗೆ ತೊಳೆಯುವುದನ್ನೂ ಮಧ್ಯಾಹ್ನ ಹೊಲಿಯುವುದನ್ನೂ ಬಿಡಲಿಲ್ಲ. ಎಷ್ಟೇ ಚಳಿಯಿದ್ದರೂ ಬಾಗಿಲು ಹಾಕಿಕೊಳ್ಳಲಿಲ್ಲ.

ಮೊನ್ನೆ ಕಾವಲುಗಾರನೊಬ್ಬ ಹಳೇ ಚರ್ಮದ ಬೂಟು ತಂದ. ಕೆಳಗಿನ ಅಟ್ಟೆ ಸವೆದು ಕಾಗದದಂತಾಗಿತ್ತು, ಹೊಸದು ಹಾಕಬೇಕಿತ್ತು. "ಇಲ್ಲೇ ಹೊಲಿಸಿದ್ದು, ಬಹಳ ವರ್ಷ ಆಯ್ತು. ಅವರು ಇಲ್ವಾ?" ಎಂದ. ಇಲ್ಲ ಎಂದಳು. ಬೂಟು ತಿರುಗಿಸಿ ನೋಡಿದಳು. ಅಣ್ಣನ ಕೈ ಚೆನ್ನಾಗಿದ್ದ ಕಾಲದ ಹೊಲಿಗೆ. ಅಟ್ಟೆ ಹೋಗಿದ್ದರೂ ದಾರ ಒಂದೂ ಅಲುಗಾಡಿರಲಿಲ್ಲ. ಹೊಸ ಅಟ್ಟೆ ಕೂರಬೇಕಾದರೆ ಆ ದಾರವನ್ನು ಕತ್ತರಿಸಿ ತೆಗೆಯಲೇಬೇಕು.

ಅವಳು ಕತ್ತಿ ಹಿಡಿದು ಕೂತಿದ್ದು ನನಗೆ ಕಂಡಿತು. ಬಹಳ ಹೊತ್ತಾದರೂ ಆ ಕಡೆಯಿಂದ ಏನೂ ಸದ್ದು ಬರಲಿಲ್ಲ. ನಾನು ಹೊಲಿಗೆ ಯಂತ್ರ ನಿಲ್ಲಿಸಿ ಹೋದೆ.

"ಆಗ್ತಿಲ್ಲ ಕಣೇ" ಎಂದಳು.

"ಹಾಗಾದ್ರೆ ಆಚೆ ಬೀದಿಗೆ ಕಳಿಸು. ಅವನು ಮಾಡಲಿ."

"ಅವನು ಇದನ್ನ ಇಕ್ಕಳದಲ್ಲಿ ಕಿತ್ತು ಹಾಕ್ತಾನೆ."

ಕಾವಲುಗಾರನಿಗೆ ಸಂಜೆ ಕೆಲಸಕ್ಕೆ ಹೋಗಬೇಕಿತ್ತು, ಬರಿಗಾಲಲ್ಲಿ ಬೆಂಚಿನ ಮೇಲೆ ಕೂತಿದ್ದ. ಅವಳು ಒಂದು ಸಲ ಅವನ ಪಾದ ನೋಡಿದಳು. ಆಮೇಲೆ ಕತ್ತಿಯ ತುದಿಯನ್ನು ಮೊದಲ ಹೊಲಿಗೆಯ ಕೆಳಗೆ ತೂರಿಸಿ ಎತ್ತಿದಳು. ದಾರ ಟಕ್ಕೆಂದು ಹರಿಯಿತು. ಅದರ ಪಕ್ಕದ್ದು, ಅದರ ಪಕ್ಕದ್ದು. ತುಂಡುಗಳು ಅವಳ ಮಡಿಲಿಗೆ ಬೀಳುತ್ತಿದ್ದವು. ಅವಳು ಕಣ್ಣೀರು ಒರೆಸಿಕೊಳ್ಳಲು ಹೋಗಲಿಲ್ಲ, ಕೈಗೆ ಬಿಡುವಿರಲಿಲ್ಲ. ಕಾವಲುಗಾರ ಗಾಬರಿಯಾಗಿ ನನ್ನ ಮುಖ ನೋಡಿದ. ಸುಮ್ಮನಿರಿ ಎಂದು ನಾನು ಕಣ್ಣಲ್ಲೇ ಹೇಳಿದೆ.

ಹೊಸ ಅಟ್ಟೆ ಇಟ್ಟು, ಮೇಲಿನ ಚರ್ಮದಲ್ಲಿದ್ದ ಹಳೇ ತೂತುಗಳಲ್ಲೇ ದಾರ ತೂರಿಸಿ ಹೊಲಿದು ಮುಗಿಸಿದಾಗ ಬಿಸಿಲು ಇಳಿದಿತ್ತು. ಅವನು ಬೂಟು ಹಾಕಿಕೊಂಡು ನೆಲಕ್ಕೆ ಒಂದೆರಡು ಸಲ ಕುಟ್ಟಿ ನೋಡಿ, "ಬಿಗಿಯಾಗಿದೆ ಅಕ್ಕ" ಎಂದು ಹೇಳಿ ಹೋದ. ಅವಳು ಮಡಿಲಲ್ಲಿದ್ದ ದಾರದ ತುಂಡುಗಳನ್ನು ಕೊಡವಿ, ನೆಲ ಗುಡಿಸಿ, ಹಿಂದಿನ ಅಂಗಳಕ್ಕೆ ಹೋಗಿ, ಒಣಗಿದ ಶೂಗಳನ್ನು ಹಗ್ಗದಿಂದ ಒಂದೊಂದಾಗಿ ಇಳಿಸಿಕೊಂಡಳು.